‘ರನ್ನರ್’ ಬೆಳೆದುಬಂದ ದಾರಿ

ತಂತ್ರಾಂಶ ಬರೆಯುವುದು ಒಂದು ಕೆಲಸ. ಬರೆದ ಭಾಗಗಳನ್ನು ಜೋಡಿಸಿ, ಪರೀಕ್ಷಿಸಿ, ಬಳಕೆಗೆ ಸಿದ್ಧಗೊಳಿಸುವುದು ಇನ್ನೊಂದು. ಈ ಎರಡನೆಯದು ಪ್ರತಿಸಲವೂ ಒಂದೇ ಬಗೆಯದು. ಮನುಷ್ಯ ಮಾಡಿದರೆ ಎಲ್ಲೋ ಒಂದು ಹೆಜ್ಜೆ ತಪ್ಪುವುದು ಸಹಜ. ಇದನ್ನು ತಾನಾಗಿಯೇ ಮಾಡಿ ಮುಗಿಸುವ ಪ್ರೋಗ್ರಾಮಿಗೆ ಇಂದು ‘ರನ್ನರ್’ ಎಂದು ಹೆಸರು. ಇದರ ಚರಿತ್ರೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ: ಯಾರು ಬರೆದ ಆದೇಶ ಯಾರ ಯಂತ್ರದಲ್ಲಿ ನಡೆಯಬೇಕು?

1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ರಚಿಸಿದರು. ಬದಲಾದ ಕಡತಗಳನ್ನು ಗುರುತಿಸಿ, ಅವನ್ನು ಅವಲಂಬಿಸಿದ ಭಾಗಗಳನ್ನಷ್ಟೇ ಅದು ಮತ್ತೆ ಕಟ್ಟುತ್ತಿತ್ತು. ಗೊತ್ತುಪಡಿಸಿದ ಹೊತ್ತಿಗೆ ಅದನ್ನು ನಡೆಸಲು ಯುನಿಕ್ಸ್‌ನಲ್ಲಿ ‘ಕ್ರಾನ್’ ಇತ್ತು. ರಾತ್ರಿ ಕಟ್ಟಿದ್ದು ಕೆಟ್ಟಿದ್ದರೆ ತಿಳಿಯುತ್ತಿದ್ದುದು ಮರುದಿನ ಬೆಳಗ್ಗೆ. ಹಿಂದಿನ ದಿನದ ಹತ್ತಾರು ಬದಲಾವಣೆಗಳಲ್ಲಿ ತಪ್ಪು ಯಾವುದರದು? 2001ರಲ್ಲಿ ಬಂದ ‘ಕ್ರೂಸ್ ಕಂಟ್ರೋಲ್’ ಬದಲಾವಣೆ ಕಂಡೊಡನೆ ಪರೀಕ್ಷೆ ನಡೆಸಿ ಈ ಹುಡುಕಾಟವನ್ನು ತಗ್ಗಿಸಿತು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ಅವರ ‘ಹಡ್ಸನ್’ ಅದೇ ದಾರಿಯಲ್ಲಿ ಬೆಳೆಯಿತು. ಸನ್ ಸಂಸ್ಥೆ ಒರಾಕಲ್‌ನ ಪಾಲಾದ ಮೇಲೆ ಹೆಸರಿನ ವಿವಾದ ಹುಟ್ಟಿ, 2011ರಲ್ಲಿ ಅದರ ಬಳಗ ‘ಜೆಂಕಿನ್ಸ್’ ಎಂಬ ಹೊಸ ಹೆಸರು ತಳೆಯಿತು. ಇವೆಲ್ಲ ಬಹುಮಟ್ಟಿಗೆ ಸಂಸ್ಥೆಯ ಸ್ವಂತ ಯಂತ್ರಗಳಲ್ಲೇ ನಡೆಯುತ್ತಿದ್ದವು.

2006ರಲ್ಲಿ ಅಮೆಜಾನ್ ಸರ್ವರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. 2011ರಲ್ಲಿ ಬಂದ ‘ಟ್ರಾವಿಸ್’ ಮುಕ್ತ ತಂತ್ರಾಂಶಗಳ ಪರೀಕ್ಷೆಯನ್ನು ತನ್ನ ಯಂತ್ರಗಳಲ್ಲೇ ಉಚಿತವಾಗಿ ಮಾಡಿಕೊಟ್ಟಿತು. ಪುಕ್ಕಟೆ ಯಂತ್ರವಿದ್ದಲ್ಲಿ ದುರುಪಯೋಗವೂ ಬಂತು. ಇಂಥ ಸೇವೆಗಳಲ್ಲಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಹೆಚ್ಚಿದ್ದರಿಂದ 2021ರಲ್ಲಿ ಗಿಟ್‌ಲ್ಯಾಬ್ ಹೊಸ ಉಚಿತ ಬಳಕೆದಾರರಿಂದ ಕಾರ್ಡ್ ವಿವರ ಕೇಳತೊಡಗಿತು. ಇದಲ್ಲದೆ ಹೊರಗಿನ ಯಂತ್ರಕ್ಕೆ ಸಂಸ್ಥೆಯ ಒಳಜಾಲ ನಿಲುಕದು. ಹೀಗಾಗಿ, ಸೇವೆ ಬೇರೆಯವರದಾದರೂ ರನ್ನರ್ ನಮ್ಮದೇ ಇರಲಿ ಎಂಬ ವ್ಯವಸ್ಥೆಗೆ ಬೇಡಿಕೆ ಬಂತು. ಗಿಟ್‌ಹಬ್ 2019ರಲ್ಲಿ ಅದಕ್ಕೆ ಅವಕಾಶ ಕೊಟ್ಟಿತು.

ಕ್ಲೌಡ್ ಸರ್ವರಿನಲ್ಲಿ ಇದನ್ನು ನೆಲೆಗೊಳಿಸುವುದು ಕಷ್ಟವಲ್ಲ. ಆಡಳಿತಾಧಿಕಾರವಿಲ್ಲದ ಪ್ರತ್ಯೇಕ ಖಾತೆ ತೆರೆದು, ಅದರಲ್ಲಿ ರನ್ನರನ್ನು ಇಳಿಸಿಕೊಂಡು, ಒಂದು ಗಂಟೆ ಮಾತ್ರ ಬಾಳುವ ಟೋಕನ್‌ನಿಂದ ನೋಂದಾಯಿಸಬೇಕು. ಯಂತ್ರ ಮರುಚಾಲನೆಗೊಂಡಾಗ ತಾನೇ ಏಳುವಂತೆ ಅದನ್ನು ಸರ್ವಿಸ್ ಆಗಿ ಸ್ಥಾಪಿಸಬೇಕು. ‘ಕೆಲಸವಿದೆಯೇ?’ ಎಂದು ರನ್ನರೇ ಹೊರಗೆ ಹೋಗಿ ಕೇಳುವುದರಿಂದ ಅದಕ್ಕಾಗಿ ಒಳಬರುವ ಯಾವ ಪೋರ್ಟನ್ನೂ ತೆರೆಯಬೇಕಿಲ್ಲ.

ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಯೋಜನೆ ಸಾರ್ವಜನಿಕವಾಗಿದ್ದರೆ, ಅಪರಿಚಿತನೊಬ್ಬ ಸೂಚಿಸಿದ ಬದಲಾವಣೆಯಲ್ಲಿ ಅಡಗಿರುವ ಆದೇಶವೂ ನಮ್ಮ ಸರ್ವರಿನಲ್ಲಿ ನಡೆದುಬಿಡಬಹುದು. ಅಲ್ಲಿರುವ ಕ್ಲೌಡ್ ಖಾತೆಯ ಕೀಲಿಗಳು ಅವನ ಕೈಸೇರಬಹುದು. ಒಂದು ಕೆಲಸ ಬಿಟ್ಟುಹೋದ ಕಡತ ಮುಂದಿನ ಕೆಲಸವನ್ನು ಕೆಡಿಸಬಹುದು. ಆದ್ದರಿಂದಲೇ ಸ್ವಂತ ರನ್ನರುಗಳನ್ನು ಖಾಸಗಿ ಯೋಜನೆಗಳಿಗೆ ಮಾತ್ರ ಬಳಸುವಂತೆ ಗಿಟ್‌ಹಬ್ ಸಲಹೆ ನೀಡುತ್ತದೆ. ಒಂದೇ ಕೆಲಸ ಮುಗಿಸಿ ನೋಂದಣಿ ಕಳಚಿಕೊಳ್ಳುವ ರನ್ನರ್ 2021ರಿಂದ ಲಭ್ಯವಿದೆ. ಪ್ರತಿ ಕೆಲಸಕ್ಕೂ ಹೊಸ ಸರ್ವರ್ ಎಬ್ಬಿಸಿ, ಮುಗಿದೊಡನೆ ಅಳಿಸಿಹಾಕಿದರೆ ಹಳೆಯ ಕಡತಗಳು ಉಳಿಯುವುದಿಲ್ಲ. ಆ ಸರ್ವರಿಗೆ ಯಾವ ಕೀಲಿ ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದನ್ನು ಮಾತ್ರ ಸ್ಥಾಪಿಸುವವರೇ ಮೊದಲು ನಿರ್ಧರಿಸಿರಬೇಕು.