ಅಂಟಿಗೆ-ಪಂಟಿಗೆ

ದೀಪಾವಳಿಯ ರಾತ್ರಿಗಳಲ್ಲಿ ಮಲೆನಾಡಿನ ಗಂಡಸರು ತಂಡ ಕಟ್ಟಿಕೊಂಡು, ಉರಿಯುವ ದೀಪ ಹಿಡಿದು, ಮನೆಮನೆಗೆ ಹೋಗಿ ಹಾಡುವ ಜನಪದ ಮೇಳಗಾಯನ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ತಾಲ್ಲೂಕುಗಳಲ್ಲಿ ಇದು ಹೆಚ್ಚು ಬಳಕೆಯಲ್ಲಿದ್ದು, ನೆರೆಯ ಚಿಕ್ಕಮಗಳೂರು ಮತ್ತು ಉತ್ತರ ಕನ್ನಡದ ಮಲೆನಾಡು ಭಾಗದಲ್ಲೂ ಕಾಣಸಿಗುತ್ತದೆ. ಅಂಟಿಕೆ-ಪಂಟಿಕೆ, ದೀಪ ನೀಡುವುದು, ಹಬ್ಬ ಹಾಡುವುದು ಎಂದು ಊರಿಗೊಂದು ಹೆಸರು. ಶಿವಮೊಗ್ಗ ನಗರ ಮತ್ತು ಭದ್ರಾವತಿಯ ಪೇಟೆಯ ಜನ ಇದನ್ನು ಹೆಚ್ಚಾಗಿ ಅರಿತದ್ದು ಬಾನುಲಿ ಮತ್ತು ವೇದಿಕೆಗಳ ಮೂಲಕ.

ಇದಕ್ಕೆ ಸ್ಥಾಪಕರಿಲ್ಲ, ಸ್ಥಾಪನೆಯ ಇಸವಿಯಿಲ್ಲ. ಅಪ್ಪ ಹಾಡಿದ್ದನ್ನು ಮಗ ಕೇಳಿ ಕಲಿತ ಸರಪಳಿಯೇ ಇದರ ಚರಿತ್ರೆ. ದೀವರು, ಒಕ್ಕಲಿಗರು ಮೊದಲಾದ ಬೇಸಾಯಗಾರ ಸಮುದಾಯಗಳು ಇದನ್ನು ಉಳಿಸಿಕೊಂಡು ಬಂದಿವೆ. ಗದ್ದೆಯಲ್ಲಿ ಭತ್ತ ತೆನೆಯೊಡೆದು ನಿಂತಿರುವ, ಅಡಿಕೆ ಕೊಯ್ಲು ಎದುರಿಗಿರುವ ಹೊತ್ತಿಗೆ ಬರುವ ದೀಪಾವಳಿ ಮಲೆನಾಡಿಗರ ಪಾಲಿಗೆ ‘ದೊಡ್ಡಬ್ಬ’. ಪಾತಾಳಕ್ಕೆ ತುಳಿಯಲ್ಪಟ್ಟ ಬಲಿ ಚಕ್ರವರ್ತಿ (ಬಲೀಂದ್ರ) ವರ್ಷಕ್ಕೊಮ್ಮೆ ತನ್ನ ನಾಡನ್ನು ನೋಡಲು ಬರುತ್ತಾನೆಂಬ ನಂಬಿಕೆ ಹಬ್ಬದ ಬೆನ್ನೆಲುಬು. ಬಲಿಪಾಡ್ಯಮಿಯಂದು ಗೋಪೂಜೆ, ಬಲೀಂದ್ರನ ಪೂಜೆ ಮುಗಿದ ಮೇಲೆ ಹಾಡುಗಾರರು ದೀಪ ಹಚ್ಚಿಕೊಂಡು ಹೊರಡುತ್ತಾರೆ. ಹಲವೆಡೆ ಊರ ದೇವರ ಗುಡಿಯಲ್ಲೇ ಆ ದೀಪ ಹೊತ್ತಿಕೊಳ್ಳುತ್ತದೆ. ತಿರುಗಾಟ ಮುಗಿಯುವವರೆಗೆ ಅದು ಆರಬಾರದು. ಕಾಡುದಾರಿ, ಗದ್ದೆಯಂಚು, ಇಬ್ಬನಿಯ ಗಾಳಿ ಇವುಗಳ ನಡುವೆ ದೀಪ ಕಾಯುವುದು ಹಾಡಿನಷ್ಟೇ ಹೊಣೆಯ ಕೆಲಸ, ಅದಕ್ಕೆಂದೇ ಒಬ್ಬನಿರುತ್ತಾನೆ.

ತಂಡದ ಕಟ್ಟು ಸರಳ. ಮುಂದೆ ಹಾಡುವವರು ಮುಮ್ಮೇಳ, ಅವರ ಸಾಲನ್ನು ಎತ್ತಿಕೊಂಡು ಮತ್ತೆ ಹೇಳುವವರು ಹಿಮ್ಮೇಳ. ಸಾಮಾನ್ಯವಾಗಿ ಎರಡೂ ಕಡೆ ಇಬ್ಬಿಬ್ಬರು ಪಳಗಿದ ದನಿಯವರು, ಉಳಿದವರು ಅವರೊಡನೆ ದನಿಗೂಡಿಸುವವರು. ವಾದ್ಯದ ಆಸರೆ ಇರುವುದಿಲ್ಲವೆಂದೇ ಹೇಳಬೇಕು. ದನಿಗಳನ್ನು ಬೇರೆಬೇರೆ ಸ್ಥಾಯಿಗಳಲ್ಲಿ ಹೆಣೆಯುವ ಚರ್ಚಿನ ಗಾಯಕವೃಂದದ ಕ್ರಮ ಇಲ್ಲಿಲ್ಲ. ಎಲ್ಲರದೂ ಒಂದೇ ಧಾಟಿ. ಸೊಗಸು ಇರುವುದು ಕೊಟ್ಟು ತೆಗೆದುಕೊಳ್ಳುವ ಸರದಿಯಲ್ಲಿ. ಹಿಮ್ಮೇಳ ಹಾಡುವಾಗ ಮುಮ್ಮೇಳಕ್ಕೆ ಉಸಿರು ಸಿಗುತ್ತದೆ, ಮುಂದಿನ ಸಾಲು ನೆನಪಿಗೆ ಬರುತ್ತದೆ. ಇರುಳಿಡೀ ಹಾಡಿಯೂ ಗಂಟಲು ಉಳಿಯುವುದು ಈ ಹಂಚಿಕೆಯಿಂದ.

ನಾಯಕತ್ವದ ಪ್ರಶ್ನೆಯಲ್ಲಿ ಅಂಟಿಗೆ-ಪಂಟಿಗೆ ಸಂಘ-ಸಂಸ್ಥೆಗಳಿಗಿಂತ ಬೇರೆ. ಇಲ್ಲಿ ಅಧ್ಯಕ್ಷ, ಕಾರ್ಯದರ್ಶಿ ಎಂಬ ಪದವಿಗಳು ಬಂದದ್ದು ತಂಡಗಳು ಸಂಘವಾಗಿ ನೋಂದಣಿಯಾದ ಮೇಲಷ್ಟೇ. ಮೂಲದಲ್ಲಿ ಯಾರಿಗೆ ಹೆಚ್ಚು ಪದ, ಅಂದರೆ ಹಾಡು, ಬರುತ್ತದೋ ಅವರೇ ಮುಂದಾಳು. ಆಸ್ತಿ, ಮನೆತನ ಇವುಗಳಿಗಿಂತ ನೆನಪಿನ ಶಕ್ತಿಗೆ ಬೆಲೆ. ಹುಡುಗನೊಬ್ಬ ಮೊದಲು ಮನೆಗಳವರು ಕೊಟ್ಟ ಅಕ್ಕಿ-ಕಾಯಿಯ ಚೀಲ ಹೊರುತ್ತಾನೆ, ಆಮೇಲೆ ಹಿಮ್ಮೇಳಕ್ಕೆ ದನಿಗೂಡಿಸುತ್ತಾನೆ. ಪದಗಳು ಬಾಯಿಗೆ ಬಂದು, ಹಿರಿಯರ ದನಿ ಕುಗ್ಗಿದ ವರ್ಷ ಮುಮ್ಮೇಳಕ್ಕೆ ಸರಿಯುತ್ತಾನೆ. ಮುಂದಾಳಿಗೆ ಬರೀ ಹಾಡು ಬಂದರೆ ಸಾಲದು, ಸಂದರ್ಭವೂ ಗೊತ್ತಿರಬೇಕು. ಯಾವ ಮನೆಯಲ್ಲಿ ಯಾವ ಪದ, ಎಷ್ಟು ಹೊತ್ತು, ಮನೆಯವರು ಕಥನಗೀತೆ ಕೇಳಿದರೆ ಯಾವುದನ್ನು ಎತ್ತಿಕೊಳ್ಳಬೇಕು ಎಂದು ತೀರ್ಮಾನಿಸುವವನು ಅವನೇ. ಕೆಲವು ಕಡೆ ಎರಡು ತಂಡಗಳು ದಾರಿಯಲ್ಲಿ ಎದುರಾದರೆ ಹಾಡಿನಲ್ಲೇ ಸವಾಲು-ಜವಾಬು ನಡೆಯುವ ರೂಢಿಯಿತ್ತು. ಆಗ ತಂಡದ ಮಾನ ಮುಂದಾಳಿನ ನಾಲಗೆಯ ಮೇಲೆ.

ಹಾಡುಗಳಿಗೆ ವಿಧಿಯ ಕ್ರಮವಿದೆ. ಅಂಗಳಕ್ಕೆ ಬಂದ ತಂಡ ಮೊದಲು ಬಾಗಿಲು ತೆಗೆಯುವ ಪದ ಹಾಡುತ್ತದೆ. ಬಾಗಿಲು ತೆರೆದ ಮೇಲೆ ದೀಪದ ಪದ, ಎಣ್ಣೆ ಎರೆಯುವ ಪದ, ಬಲೀಂದ್ರನ ಪದ, ಕೊನೆಗೆ ಮನೆಯವರನ್ನೂ ದನಕರುಗಳನ್ನೂ ಹರಸುವ ಪದ. ಮನೆಯಾಕೆ ತಂಡದ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತನ್ನ ಮನೆಯ ದೀಪ ಹಚ್ಚಿಕೊಳ್ಳುತ್ತಾಳೆ. ಅಕ್ಕಿ, ತೆಂಗಿನಕಾಯಿ, ಹಬ್ಬದ ತಿಂಡಿ, ದುಡ್ಡು ಕೊಟ್ಟು ಕಳಿಸುತ್ತಾರೆ. ಇದನ್ನು ಭಿಕ್ಷೆ ಎಂದು ಯಾರೂ ಎಣಿಸುವುದಿಲ್ಲ. ಒಟ್ಟಾದದ್ದರಲ್ಲಿ ಕೊನೆಗೆ ಎಲ್ಲರೂ ಸೇರಿ ಊಟ ಮಾಡುತ್ತಾರೆ. ಇದು ಪೂರ್ತಿ ಗಂಡಸರ ಹಾಡುಗಾರಿಕೆಯಾದರೂ ಮಲೆನಾಡಿನ ಹಾಡು ಗಂಡಸರದ್ದೇ ಎಂದು ಭಾವಿಸಬಾರದು. ಮದುವೆ-ಮುಂಜಿಗಳ ಸೋಬಾನೆ ಹೆಂಗಸರ ಸ್ವತ್ತು, ಅದರ ಭಂಡಾರವೂ ದೊಡ್ಡದು. ರಾತ್ರಿ ಊರೂರು ಅಲೆಯುವ ಸ್ವಾತಂತ್ರ್ಯ ಮಾತ್ರ ಗಂಡಸರಿಗಿತ್ತು.

ಇಪ್ಪತ್ತನೆಯ ಶತಮಾನ ಈ ತಿರುಗಾಟದ ನೆಲವನ್ನೇ ಅಲುಗಾಡಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಾಗ ಶರಾವತಿ ಕಣಿವೆಯ ಅನೇಕ ಹಳ್ಳಿಗಳು ಮುಳುಗಿ, ಅಲ್ಲಿನವರು ಶಿವಮೊಗ್ಗ ಸೀಮೆಯ ಬೇರೆಬೇರೆ ಕಡೆ ಚದುರಿದರು. ಮನೆಯಿಂದ ಮನೆಗೆ ನಡೆಯುವ ಕಲೆಗೆ ನೆರೆಹೊರೆ ಒಡೆಯುವುದಕ್ಕಿಂತ ದೊಡ್ಡ ಪೆಟ್ಟಿಲ್ಲ. ಭದ್ರಾವತಿಯ ಕಥೆ ಇನ್ನೊಂದು ಬಗೆ. ಮೈಸೂರು ಸರ್ಕಾರ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ ಸುತ್ತಣ ಹಳ್ಳಿಗಳ ಮತ್ತು ದೂರದೂರುಗಳ ಜನರನ್ನು ಪಾಳಿಯ ದುಡಿಮೆಗೆ ಸೆಳೆದವು. ರಾತ್ರಿ ಪಾಳಿಗೂ ರಾತ್ರಿಯ ಹಾಡಿಗೂ ಹೊಂದಿಕೆಯಾಗುವುದು ಕಷ್ಟ.

ಅದೇ ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಶುರುವಾಯಿತು. ಜಾನಪದ ಸಂಗೀತಕ್ಕೆ ಕಾರ್ಯಕ್ರಮಗಳಲ್ಲಿ ಜಾಗವಿದ್ದುದರಿಂದ, ಒಂದು ಹೋಬಳಿಯ ಹಾಡು ಇನ್ನೊಂದು ಜಿಲ್ಲೆಯ ಕಿವಿಗೂ ತಲುಪುವ ದಾರಿ ತೆರೆಯಿತು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ (1987) ಬಂದ ಮೇಲೆ ಸ್ಥಳೀಯ ಜಾನಪದದ ಅಧ್ಯಯನಕ್ಕೆ ಹತ್ತಿರದಲ್ಲೇ ನೆಲೆ ಸಿಕ್ಕಿತು. ಶಿವಮೊಗ್ಗ ನಗರದ ಉತ್ಸವಗಳಲ್ಲಿ, ಶಾಲೆ-ಕಾಲೇಜುಗಳ ಜಾನಪದ ಸ್ಪರ್ಧೆಗಳಲ್ಲಿ ಈಗ ಸಮವಸ್ತ್ರದಂಥ ಪಂಚೆ, ರುಮಾಲು ತೊಟ್ಟ ತಂಡಗಳು ಹಾಡುತ್ತವೆ.

ವೇದಿಕೆ ಕಲೆಗೆ ಹೆಸರು ತಂದಿತು, ಜತೆಗೆ ಕತ್ತರಿಯನ್ನೂ ತಂದಿತು. ಅರ್ಧ ತಾಸು ಹಾಡುವ ಪದವನ್ನು ಐದು ನಿಮಿಷಕ್ಕೆ ಇಳಿಸಬೇಕು. ಎಣ್ಣೆ ಎರೆಯುವ ಪದಕ್ಕೆ ಎಣ್ಣೆ ತರುವವರಿಲ್ಲ, ಬಾಗಿಲ ಪದಕ್ಕೆ ಬಾಗಿಲಿಲ್ಲ. ಇಂಥಲ್ಲಿ ಮುಂದಾಳಿನ ಕೆಲಸವೂ ಬದಲಾಗಿದೆ. ಹಿಂದೆ ಪದ ಉದ್ದ ಮಾಡಬಲ್ಲವನಿಗೆ ಮರ್ಯಾದೆಯಿದ್ದರೆ, ಈಗ ಎಲ್ಲಿ ನಿಲ್ಲಿಸಬೇಕೆಂದು ಬಲ್ಲವನನ್ನು ಸಂಘಟಕರು ಕರೆಯುತ್ತಾರೆ. ಹಳ್ಳಿಗಳ ಕಡೆ ತಿರುಗಾಟ ಪೂರ್ತಿ ನಿಂತಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರು ಹಬ್ಬದ ರಜೆಗೆ ಬಂದಾಗ ಹಿಮ್ಮೇಳ ತುಂಬುತ್ತದೆ. ಮುಮ್ಮೇಳಕ್ಕೆ ಮಾತ್ರ ಇನ್ನೂ ಊರಲ್ಲೇ ಉಳಿದ ಹಿರಿಯರೇ ಬೇಕು.