ಬೆಕ್ಕಿಗೆ ಬಿಟ್ಟ ದಾರಿ

ರಾತ್ರಿ ತಲಬಾಗಿಲಿಗೆ ಅಗಳಿ ಬಿದ್ದ ಮೇಲೆ ಮನೆಯೊಳಗೆ ತಾನೇ ತಾನಾಗಿ ಬರುವ ಹಕ್ಕು ಒಂದೇ ಒಂದು ಜೀವಿಗೆ ಇದೆ. ನಾಯಿ ಹೊರಗಿನ ಕಟ್ಟೆಯ ಮೇಲೆ ಮಲಗುತ್ತದೆ. ದನ ಗೋದಲಿಯ ಮುಂದೆ ನಿಲ್ಲುತ್ತದೆ. ದೂರದಿಂದ ಬಂದ ನೆಂಟನೂ ಬಾಗಿಲು ಬಡಿದು ಕಾಯಬೇಕು. ಬೆಕ್ಕು ಮಾತ್ರ ಬೇಕೆಂದಾಗ ಹೋಗುತ್ತದೆ, ಬೇಕೆಂದಾಗ ಬರುತ್ತದೆ.

ಪಶ್ಚಿಮದ ದೇಶಗಳಲ್ಲಿ ಇದಕ್ಕೆಂದೇ ಮನೆಯ ಬಾಗಿಲಿನ ಕೆಳಭಾಗದಲ್ಲಿ ತೂತು ಕೊರೆದು, ಮೇಲಿನ ಅಂಚಿಗೆ ತೂಗುಬಿದ್ದ ಒಂದು ಕಿರುಬಾಗಿಲು ಕೂರಿಸುತ್ತಾರೆ. ಬೆಕ್ಕು ತಲೆಯಿಂದ ತಳ್ಳಿದರೆ ಅದು ತೆರೆಯುತ್ತದೆ; ಬೆಕ್ಕು ದಾಟಿದೊಡನೆ ತಾನೇ ಮುಚ್ಚಿಕೊಳ್ಳುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯ ಹಳೆಯ ಮನೆಗಳಲ್ಲಿ ಇಂಥದ್ದು ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗೆಂದು ಅಲ್ಲಿ ಬೆಕ್ಕಿಗೆ ದಾರಿ ಇರಲಿಲ್ಲವೆಂದಲ್ಲ. ದಾರಿ ಇತ್ತು. ಅದು ಬಾಗಿಲಿನಲ್ಲಿರಲಿಲ್ಲ, ಮಾಳಿಗೆಯಲ್ಲಿತ್ತು.

ಬೆಕ್ಕಿಗೆ ಮನೆಯೊಳಗೆ ಇಷ್ಟು ಸಲಿಗೆ ಏಕೆ ಸಿಕ್ಕಿತು? ಉತ್ತರ ಕಾಳಿನಲ್ಲಿದೆ. ಮನುಷ್ಯ ಬೆಳೆದ ಕಾಳನ್ನು ಕೂಡಿಡಲು ತೊಡಗಿದ ಮೇಲೆ ಇಲಿ ಮನೆಗೆ ಬಂತು. ಇಲಿಯ ಬೆನ್ನು ಹತ್ತಿ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ್ದ, ಸುಮಾರು 9,500 ವರ್ಷ ಹಳೆಯ ಬೆಕ್ಕಿನ ಅಸ್ಥಿಪಂಜರವೊಂದರ ವಿವರ 2004ರಲ್ಲಿ ಪ್ರಕಟವಾಯಿತು. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳಿರಲಿಲ್ಲ. ಬೇಸಾಯಗಾರರು ಅದನ್ನು ದೋಣಿಯಲ್ಲಿ ಒಯ್ದಿರಬೇಕು. ಸಿಂಧೂ ನಾಗರಿಕತೆಯ ಚನ್ಹುದಾರೋದಲ್ಲಿ ಸಿಕ್ಕ ಇಟ್ಟಿಗೆಯೊಂದರ ಮೇಲೆ, ಅದು ಹಸಿಯಾಗಿದ್ದಾಗ ಓಡಿಹೋದ ಬೆಕ್ಕಿನ ಹೆಜ್ಜೆ ಮತ್ತು ಅದರ ಹಿಂದೆ ಓಡಿದ ನಾಯಿಯ ಹೆಜ್ಜೆ ಎರಡೂ ಮೂಡಿವೆ. ಸಂಸ್ಕೃತದ ‘ಮಾರ್ಜಾರ’ ಶಬ್ದದ ಮೂಲದಲ್ಲಿ ಶುಚಿಗೊಳಿಸು ಎಂಬ ಅರ್ಥದ ಧಾತುವಿದೆ ಎನ್ನುತ್ತಾರೆ. ಸದಾ ಮೈ ನೆಕ್ಕಿಕೊಳ್ಳುವ ಪ್ರಾಣಿಗೆ ಆ ಹೆಸರು ಸಹಜ. ಮನೆಯನ್ನು ಇಲಿಗಳಿಂದ ಶುಚಿ ಮಾಡುವ ಪ್ರಾಣಿಗೂ ಅದು ಒಪ್ಪುತ್ತದೆ.

ಎಲಿಯಟ್ ಕಂಡ ಇಲಿಗಳು

ಧಾರವಾಡ ಸೀಮೆಗೂ ಇಲಿಗಳಿಗೂ ಇರುವ ನಂಟು ಪ್ರಾಣಿಶಾಸ್ತ್ರದ ಗ್ರಂಥಗಳಲ್ಲೇ ದಾಖಲಾಗಿದೆ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಸೈನಿಕರಿಗೆ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಮುಂದೆ ಕನ್ನಡ ಶಾಸನಗಳನ್ನು ಸಂಗ್ರಹಿಸಿ ಹೆಸರಾದವನೂ ಇವನೇ. ಇದೇ ಎಲಿಯಟ್ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು 1839ರಲ್ಲಿ ಪ್ರಕಟಿಸಿದ. ಪ್ರತಿಯೊಂದು ಪ್ರಾಣಿಗೂ ಈ ಭಾಗದ ಜನ ಹೇಳುವ ಹೆಸರನ್ನು ಕೇಳಿ ಬರೆದುಕೊಂಡದ್ದು ಅವನ ಹೆಚ್ಚುಗಾರಿಕೆ.

ಅವನು ಕಳಿಸಿದ ಮಾದರಿಗಳ ಆಧಾರದಿಂದ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಕೆಲವು ಇಲಿಗಳಿಗೆ ಶಾಸ್ತ್ರೀಯ ಹೆಸರಿಟ್ಟ. ಪೊದೆಗಳಲ್ಲಿ ಬದುಕುವ ಒಂದು ಇಲಿ ‘ಗೋಲುಂಡಾ ಎಲಿಯೋಟಿ’ ಆಯಿತು. ಅದರಲ್ಲಿ ಮೊದಲ ಪದ ‘ಗುಳಂದಿ’ ಎಂಬ ಇಲ್ಲಿನ ಹೆಸರಿನಿಂದ ಬಂದದ್ದು, ಎರಡನೆಯದು ಎಲಿಯಟ್‌ನ ಹೆಸರು. ಹೊಲದಲ್ಲಿ ಬದುಕುವ ಮೆತ್ತನೆ ಕೂದಲಿನ ಇಲಿಗೆ ವಡ್ಡರ ಸಮುದಾಯದವರು ಹೇಳುತ್ತಿದ್ದ ‘ಮೆತ್ತಡೆ’ ಎಂಬ ಹೆಸರು, ಕಾಗುಣಿತ ಕೊಂಚ ಕೆಟ್ಟು, ‘ಮೆಲ್ಟಾಡಾ’ ಆಗಿ ಉಳಿಯಿತು. ಬಿಲದಲ್ಲಿ ಕಾಳು ಕೂಡಿಡುವ ‘ಕೋಕ್’ ಎಂಬ ಇಲಿಯೂ ಹೀಗೆಯೇ ಪುಸ್ತಕ ಸೇರಿತು. ಈ ಮೂರಕ್ಕೂ ಮೊದಲ ಮಾದರಿ ಸಿಕ್ಕ ಸ್ಥಳವೆಂದು ಶಾಸ್ತ್ರಜ್ಞರು ಇಂದಿಗೂ ಬರೆಯುವುದು ಧಾರವಾಡವನ್ನೇ.

ಹೆಸರುಗಳಿಗಿಂತ ಮುಖ್ಯವಾದದ್ದು ಎಲಿಯಟ್ 1826ರ ಬಗ್ಗೆ ಬರೆದಿಟ್ಟ ಸಂಗತಿ. ಸಾಮಾನ್ಯವಾಗಿ ಮಳೆಗಾಲದಲ್ಲಿ ಎರೆಭೂಮಿಯ ಬಿರುಕುಗಳಿಗೆ ನೀರು ನುಗ್ಗಿ ಹೊಲದ ಇಲಿಗಳು ಬಹುಪಾಲು ಸಾಯುತ್ತವೆ. ಆ ವರ್ಷ ಮಳೆ ಸಾಲದಾಯಿತು, ಇಲಿಗಳು ಸಾಯಲಿಲ್ಲ. ಬಿತ್ತಿದ ಬೀಜವನ್ನು ಬಿತ್ತಿದಂತೆಯೇ ತಿಂದವು. ಉಳಿದು ಬೆಳೆದ ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ರೈತರು ಕಂದಾಯ ಕಟ್ಟಲಾರದ ಸ್ಥಿತಿ ಬಂತು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತು ಮಾಡಿ ವಡ್ಡರನ್ನು ಕರೆತಂದರು. ಅವರು ಸಾವಿರಾರು ಇಲಿ ಕೊಂದರೂ ಸಂಖ್ಯೆ ತಗ್ಗಿದಂತೆ ಕಾಣಲಿಲ್ಲ. 1876–78ರ ದೊಡ್ಡ ಬರ ಮುಗಿದೊಡನೆ 1878–79ರಲ್ಲಿ ದಖ್ಖನ್ನಿನ ಪೈರುಗಳ ಮೇಲೆ ಇಲಿಗಳ ಇನ್ನೊಂದು ದಾಳಿ ಆಯಿತು. ಬರದಲ್ಲಿ ಬದುಕುಳಿದವರ ಬಾಯಿಗೆ ಬಂದ ತುತ್ತು ಹೊಲದಲ್ಲೇ ಹೋಯಿತು.

ಇಂಥ ನಾಡಿನಲ್ಲಿ ಮನೆ ಸೇರಿದ ಕಾಳನ್ನು ಕಾಯುವುದೆಂದರೆ ಮುಂದಿನ ಸುಗ್ಗಿಯವರೆಗೆ ಜೀವ ಕಾಯುವುದೇ ಆಗಿತ್ತು. ಬಹುಕಾಲದ ದಾಸ್ತಾನಿಗೆ ನೆಲದಲ್ಲಿ ಹಗೇವು ತೋಡಿ, ಒಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಹಗೇವಿನೊಳಗೆ ಇಲಿಗೂ ಹುಳಕ್ಕೂ ಬದುಕು ಕಷ್ಟ. ಆದರೆ ದಿನಬಳಕೆಯ ಕಾಳು ಗುಮ್ಮಿಗಳಲ್ಲಿ, ಮಡಕೆಗಳಲ್ಲಿ, ಚೀಲಗಳಲ್ಲಿ ಮನೆಯೊಳಗೇ ಇರುತ್ತಿತ್ತು. ಅದರ ಕಾವಲು ಬೆಕ್ಕಿನದು.

ಬೆಳಕಿಂಡಿಯ ಇನ್ನೊಂದು ಉಪಯೋಗ

ಧಾರವಾಡದ ಪೂರ್ವಭಾಗ ಮಳೆ ಕಡಿಮೆಯ ಎರೆನಾಡು. ಅಲ್ಲಿನ ಹಳೆಯ ಮನೆಗೆ ದಪ್ಪ ಮಣ್ಣಿನ ಗೋಡೆ. ತೊಲೆ, ಜಂತಿಗಳ ಮೇಲೆ ಸವಳು ಮಣ್ಣು ಹರಡಿದ ಚಪ್ಪಟೆ ಮಾಳಿಗೆ. ಕಿಟಕಿಗಳು ಕಡಿಮೆ. ಬೆಳಕು ಬರಲು ಮತ್ತು ಅಡಿಗೆಮನೆಯ ಹೊಗೆ ಹೋಗಲು ಮಾಳಿಗೆಯಲ್ಲಿ ಬೆಳಕಿಂಡಿ. ಮಳೆ ಬಂದಾಗ ಅದಕ್ಕೊಂದು ಮುಚ್ಚಳ. ಒಂದಕ್ಕೊಂದು ಆತುಕೊಂಡ ಮನೆಗಳಾದ್ದರಿಂದ ಓಣಿಯ ಮಾಳಿಗೆಗಳೆಲ್ಲ ಸೇರಿ ಬೆಕ್ಕಿಗೆ ಒಂದು ರಾಜಮಾರ್ಗ. ಬೆಳಕಿಂಡಿಯಿಂದ ಇಣುಕಿ, ಗುಮ್ಮಿಯ ಮೇಲೋ ಅಟ್ಟದ ಮೇಲೋ ಧುಮುಕಿದರೆ ಅದು ಕಾವಲಿನ ಜಾಗಕ್ಕೇ ಬಂದು ನಿಂತಂತೆ.

ಪಶ್ಚಿಮಕ್ಕೆ ಕಲಘಟಗಿಯತ್ತ ಹೋದರೆ ಮಳೆ ಹೆಚ್ಚು, ಅರೆಮಲೆನಾಡು, ಬತ್ತದ ಗದ್ದೆಗಳು. ಅಲ್ಲಿ ಮಾಳಿಗೆಯ ಬದಲು ಇಳಿಜಾರಾದ ಹಂಚಿನ ಮಾಡು. ಗೋಡೆಯ ತಲೆಗೂ ಮಾಡಿಗೂ ನಡುವೆ ಉಳಿಯುವ ಸಂದಿಯೇ ಅಲ್ಲಿ ಬೆಕ್ಕಿನ ದಾರಿ. ಬೆಕ್ಕಿಗಾಗಿ ಯಾರೂ ಬಡಿಗನನ್ನು ಕರೆಯಲಿಲ್ಲ. ಮನೆ ಕಟ್ಟುವ ಕ್ರಮವೇ ಅದಕ್ಕೆ ಜಾಗ ಬಿಟ್ಟಿತ್ತು. ಬೆಕ್ಕಿನ ಉಪಕಾರದೊಂದಿಗೆ ಅದರ ಉಪದ್ರವಕ್ಕೂ ಮನೆಯಲ್ಲಿ ವ್ಯವಸ್ಥೆಯಿತ್ತು: ಹಾಲು, ಬೆಣ್ಣೆಯ ಗಡಿಗೆಗಳನ್ನು ನೆಲುವಿನಲ್ಲಿ ತೂಗುಹಾಕುತ್ತಿದ್ದರು.

ಬಾಗಿಲಿನ ಬುಡದಲ್ಲೇ ಏಕೆ ತೂತು ಕೊರೆಯಲಿಲ್ಲ ಎಂದು ಯೋಚಿಸಿದರೆ ಕಾರಣಗಳು ಹೊಳೆಯುತ್ತವೆ. ನೆಲಮಟ್ಟದ ತೂತು ಬೆಕ್ಕಿಗೆಷ್ಟೋ ಅಷ್ಟೇ ಇಲಿಗೂ ಹೆಗ್ಗಣಕ್ಕೂ ದಾರಿ. ಇಲಿಯ ವಾಸನೆ ಹಿಡಿದು ಬರುವ ಹಾವಿಗೂ ಅದೇ ದಾರಿ. ಜೊತೆಗೆ ದಿನವೂ ತೊಳೆದು, ಅರಿಸಿನ ಕುಂಕುಮ ಇಟ್ಟು ಪೂಜಿಸುವ ಹೊಸ್ತಿಲಿನ ಮೇಲೆ ನಿಂತ ತಲಬಾಗಿಲು ಮನೆತನದ ಮುಖವಿದ್ದಂತೆ. ಅದಕ್ಕೆ ಗರಗಸ ಹಚ್ಚಲು ಯಾರ ಮನಸ್ಸೂ ಒಪ್ಪದು.

ಇಂಗ್ಲೆಂಡಿನಲ್ಲಿ ಚರ್ಚಿನ ಬಾಗಿಲಿಗೇ ಗರಗಸ ಹಚ್ಚಿದರು. ಎಕ್ಸೆಟರ್ ನಗರದ ದೊಡ್ಡ ಚರ್ಚಿನ ಹಳೆಯ ಲೆಕ್ಕಪತ್ರಗಳಲ್ಲಿ 14 ಮತ್ತು 15ನೇ ಶತಮಾನಗಳಲ್ಲಿ ಮೂರು ತಿಂಗಳಿಗೊಮ್ಮೆ ಬೆಕ್ಕಿನ ಆಹಾರಕ್ಕೆ ಹಣ ಕೊಟ್ಟ ದಾಖಲೆಯಿದೆ. ಅಲ್ಲಿನ ಖಗೋಳ ಗಡಿಯಾರದ ಕೆಳಗಿನ ಬಾಗಿಲಿನಲ್ಲಿ ಬೆಕ್ಕು ತೂರುವಷ್ಟು ದುಂಡನೆಯ ತೂತೊಂದು ಈಗಲೂ ಇದೆ. ಗಡಿಯಾರದ ಹಗ್ಗಗಳಿಗೆ ಹಚ್ಚುತ್ತಿದ್ದ ಕೊಬ್ಬಿನ ಆಸೆಗೆ ಇಲಿಗಳು ಬರುತ್ತಿದ್ದವಂತೆ. 1598ರಲ್ಲಿ ಬಿಷಪ್ ವಿಲಿಯಂ ಕಾಟನ್ ಆ ತೂತು ಕೊರೆಯಲು ಬಡಿಗರಿಗೆ 8 ಪೆನ್ಸ್ ಕೊಟ್ಟನೆಂದು ಲೆಕ್ಕ ಹೇಳುತ್ತದೆ. ಬೆಕ್ಕಿನ ಬಾಗಿಲನ್ನು ಕಂಡುಹಿಡಿದವನು ವಿಜ್ಞಾನಿ ನ್ಯೂಟನ್ ಎಂಬ ಕಥೆ ಜನಪ್ರಿಯ. ನ್ಯೂಟನ್ ಹುಟ್ಟಿದ್ದು 1642ರಲ್ಲಿ; ಎಕ್ಸೆಟರಿನ ತೂತು ಅದಕ್ಕಿಂತ ಹಳೆಯದು.

ಪ್ಲೇಗು ಬಂದಾಗ

ಬೆಕ್ಕಿನ ದಾರಿ ಕಾಳಿನ ಪ್ರಶ್ನೆಯಾಗಿದ್ದದ್ದು ಪ್ರಾಣದ ಪ್ರಶ್ನೆಯೂ ಆದದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಬೇನೆ ರೈಲುಮಾರ್ಗ ಹಿಡಿದು ಹುಬ್ಬಳ್ಳಿ, ಧಾರವಾಡಗಳಿಗೂ ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಸಿದ್ಧಪಡಿಸಿದ ಲಸಿಕೆಯನ್ನು 30 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿದ್ದು ಆ ಕಾಲದ ಅತಿ ದೊಡ್ಡ ಲಸಿಕೆ ಕಾರ್ಯಗಳಲ್ಲಿ ಒಂದು. ಹಳ್ಳಿಗಳಲ್ಲಿ ಜನ ಮಾಡಿದ್ದು ತಮಗೆ ತಿಳಿದ ಉಪಾಯ: ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ದಾಟಿಸುತ್ತದೆಂದು ಪಾಲ್ ಲೂಯಿ ಸಿಮೊಂಡ್ 1898ರಲ್ಲೇ ಹೇಳಿದರೂ ವಿದ್ವಾಂಸರು ಒಪ್ಪಲು ಮುಂದಿನ ದಶಕ ಬೇಕಾಯಿತು. ಜನರ ಅನುಭವ ಶಾಸ್ತ್ರಕ್ಕಿಂತ ಮುಂದಿತ್ತು.

ಆ ಹೊತ್ತಿನಲ್ಲಿ ಅಮರಾವತಿಯಲ್ಲಿ ವೈದ್ಯಾಧಿಕಾರಿಯಾಗಿದ್ದ ಆಂಡ್ರ್ಯೂ ಬುಕನನ್ ಹಳ್ಳಿ ಹಳ್ಳಿಗಳಲ್ಲಿ ಬೆಕ್ಕುಗಳನ್ನು ಎಣಿಸಿದ. ಬೆಕ್ಕು ಹೆಚ್ಚಿರುವ ಊರುಗಳಲ್ಲಿ ಪ್ಲೇಗು ಕಡಿಮೆ ಎಂದು 1908ರ ಸುಮಾರಿಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವಾದಿಸಿದ. ಮನೆಗೊಂದು ಬೆಕ್ಕು ಇರಲಿ ಎಂಬುದು ಅವನ ಸಲಹೆ. ಕನ್ನಡಿಗರಿಗೆ ಇದು ಕೇಳಿದ ಕಥೆಯಂತೆಯೇ ತೋರುತ್ತದೆ. ಇಲಿಗಳ ಕಾಟ ತಾಳಲಾರದೆ ಕೃಷ್ಣದೇವರಾಯ ಮನೆಮನೆಗೂ ಬೆಕ್ಕು ಹಂಚಿದ, ತೆನಾಲಿ ರಾಮಕೃಷ್ಣ ತನ್ನ ಬೆಕ್ಕಿಗೆ ಸುಡುವ ಹಾಲು ಕುಡಿಸಿ ಹಾಲೆಂದರೆ ಓಡುವಂತೆ ಮಾಡಿದ ಎಂಬ ಕಥೆ ಮಕ್ಕಳಿಗೂ ಗೊತ್ತು. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಒಯ್ಯಬೇಕೆಂಬ ನಂಬಿಕೆಯೂ ಬೆಕ್ಕಿಗೆ ರಕ್ಷಣೆಯಾಗಿತ್ತು.

ಬುಕನನ್‌ನ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಪ್ಲೇಗು ತಗುಲಿದ ಇಲಿಯನ್ನು ತಿಂದ ಬೆಕ್ಕಿಗೂ ರೋಗ ಬರುತ್ತದೆ, ಅದರಿಂದ ಮನುಷ್ಯನಿಗೂ ದಾಟಬಹುದು ಎಂಬುದು ಈಗ ತಿಳಿದಿದೆ. ದೊಡ್ಡ ಇಲಿಗಳ ಮುಂದೆ ಬೆಕ್ಕಿನ ಪರಾಕ್ರಮವೂ ಅಷ್ಟಕ್ಕಷ್ಟೆ. 2018ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನವೊಂದರಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದಾಗ ಬೆಕ್ಕುಗಳು ಕೊಂದದ್ದು ಎರಡೇ ಇಲಿ. ಆದರೆ ಬೆಕ್ಕು ಸುಳಿದ ದಿನ ಇಲಿಗಳು ಬಯಲಿಗೆ ಬರುವುದು ಕಡಿಮೆಯಾಗಿತ್ತು. ಅಂದರೆ ಬೆಕ್ಕಿನ ಮುಖ್ಯ ಕೆಲಸ ಕೊಲ್ಲುವುದಕ್ಕಿಂತ ಹೆದರಿಸುವುದು. ಸುಂಡಿಲಿಗಳನ್ನು ಹಿಡಿಯುವುದು, ಹೆಗ್ಗಣಗಳನ್ನು ಬಿಲದಲ್ಲೇ ಕೂರಿಸುವುದು. ಅದಕ್ಕೆ ಅದು ರಾತ್ರಿಯ ಯಾವ ಹೊತ್ತಿನಲ್ಲಾದರೂ ಮನೆಯೊಳಗೆ ಸುಳಿಯುವಂತಿರಬೇಕು. ಹೊರಗೆ ಸಿಕ್ಕಿಬಿದ್ದ ಬೆಕ್ಕು ಕಾವಲುಗಾರನಲ್ಲ.

ಮುಚ್ಚಿದ ದಾರಿ

ಈಗ ಎರೆನಾಡಿನ ಹಳ್ಳಿಗಳಲ್ಲೂ ಮಣ್ಣಿನ ಮಾಳಿಗೆಯ ಜಾಗಕ್ಕೆ ಕಾಂಕ್ರೀಟಿನ ಛಾವಣಿ ಬಂದಿದೆ. ಮಳೆಗಾಲದಲ್ಲಿ ಸೋರುವ ಚಿಂತೆ ತಪ್ಪಿತು, ವರ್ಷವರ್ಷ ಮಣ್ಣು ಹಾಕುವ ದುಡಿಮೆ ತಪ್ಪಿತು. ಬೆಳಕಿಂಡಿಯ ಬದಲು ವಿದ್ಯುದ್ದೀಪ, ಹೊಗೆಗೂಡಿನ ಬದಲು ಗ್ಯಾಸ್ ಒಲೆ, ಕಿಟಕಿಗೆ ಸೊಳ್ಳೆಯ ಜಾಲರಿ, ಬಾಗಿಲಿಗೆ ಕಬ್ಬಿಣದ ತಗಡು. ಇವೆಲ್ಲ ಒಳ್ಳೆಯವೇ. ಆದರೆ ಇವುಗಳ ನಡುವೆ ಬೆಕ್ಕಿನ ದಾರಿ ಸದ್ದಿಲ್ಲದೆ ಮುಚ್ಚಿಹೋಯಿತು. ಇಲಿಯ ದಾರಿ ಮುಚ್ಚಲಿಲ್ಲ. ಅದಕ್ಕೆ ಮೋರಿಯ ಕೊಳವೆ ಸಾಕು, ಬಾಗಿಲಿನ ಕೆಳಗಿನ ಬೆರಳಗಲದ ಸಂದಿ ಸಾಕು.

ಬೆಕ್ಕಿನ ಕೆಲಸವನ್ನು ವಿಷ ವಹಿಸಿಕೊಂಡಿತು. ಜಿಂಕ್ ಫಾಸ್ಫೈಡ್ ತಿಂದ ಇಲಿ ಬೇಗ ಸಾಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೋಮಡಯೊಲೋನ್ ತಿಂದ ಇಲಿ ಕೆಲವು ದಿನ ಮಂಕಾಗಿ ಓಡಾಡಿ ಸಾಯುತ್ತದೆ. ಮಂಕಾದ ಇಲಿ ಬೆಕ್ಕಿಗೆ ಸುಲಭದ ಬೇಟೆ; ಆ ಬೇಟೆಯೇ ಅದಕ್ಕೆ ಮೃತ್ಯು. ಹೀಗೆ ಬಾಗಿಲು ಮುಚ್ಚಿದ ಮನೆ ಮೊದಲು ಬೆಕ್ಕನ್ನು ಹೊರಗಿಟ್ಟು, ಆಮೇಲೆ ಹೊರಗಿದ್ದ ಬೆಕ್ಕನ್ನೂ ಕಳೆದುಕೊಳ್ಳುತ್ತದೆ. ಮರುವರ್ಷ ಇನ್ನಷ್ಟು ವಿಷ ತರಬೇಕಾಗುತ್ತದೆ.

ಹಿಂದೆ ತಾನಾಗಿ ಉಳಿಯುತ್ತಿದ್ದ ದಾರಿಯನ್ನು ಈಗ ಬೇಕೆಂದೇ ಬಿಡಬೇಕು. ಅದು ಕಷ್ಟದ ಕೆಲಸವೇನಲ್ಲ. ಸಾಧಾರಣ ಬೆಕ್ಕಿಗೆ 15 ಸೆಂಟಿಮೀಟರ್ ಚೌಕದ ಕಂಡಿ ಸಾಕು. ಬಾಗಿಲಿನಲ್ಲೇ ಮಾಡುವುದಾದರೆ ಚೌಕಟ್ಟಿನ ಪಟ್ಟಿಗೆ ಕೈ ಹಚ್ಚದೆ ನಡುವಿನ ಹಲಗೆಯಲ್ಲಿ ಕೊರೆಯಬೇಕು; ಕಂಡಿಯ ತಳ ಬೆಕ್ಕಿನ ಹೊಟ್ಟೆಯ ಮಟ್ಟಕ್ಕಿರಬೇಕು. ಮೇಲಂಚಿಗೆ ಹಗುರಾದ ತೂಗುಹಲಗೆ, ಗಾಳಿಗೆ ಬಡಿದಾಡದಂತೆ ಕೆಳಗೊಂದು ಸಣ್ಣ ಅಯಸ್ಕಾಂತ, ಬೇಡವಾದಾಗ ಹಾಕಲು ಒಂದು ಚಿಲಕ. ಮೊದಲ ಕೆಲವು ದಿನ ಹಲಗೆಯನ್ನು ಮೇಲೆತ್ತಿ ಕಟ್ಟಿದರೆ ಬೆಕ್ಕು ದಾರಿ ಕಲಿಯುತ್ತದೆ. ಹಾವಿನ ಭಯವಿರುವ ಎರೆನಾಡಿನಲ್ಲಿ ಇದನ್ನೇ ನೆಲದಿಂದ ಎತ್ತರಕ್ಕೆ, ಕಿಟಕಿಯ ಜಾಲರಿಯ ಒಂದು ಮೂಲೆಗೆ ಒಯ್ದರೆ ಇನ್ನೂ ಮೇಲು. ಹಿರಿಯರ ಬೆಳಕಿಂಡಿ ಹೇಳುವುದೂ ಅದನ್ನೇ: ಬೆಕ್ಕು ಏರಬಲ್ಲದು, ಧುಮುಕಬಲ್ಲದು, ದಾರಿ ಮೇಲಿದ್ದರೂ ಅದಕ್ಕೆ ತೊಂದರೆಯಿಲ್ಲ.

ಮನೆಯ ನಕ್ಷೆ ಬರೆಯುವಾಗ ದೇವರಮನೆಗೆ, ಬಚ್ಚಲಿಗೆ, ಮೋಟಾರು ಬೈಕಿಗೆ ಜಾಗ ಗುರುತಿಸುತ್ತಾರೆ. ಸಾವಿರಾರು ವರ್ಷ ಕಾಳು ಕಾದ ಪ್ರಾಣಿಗೆ ಬೇಕಾದದ್ದು ಒಂದು ಗೇಣು ಜಾಗ ಮಾತ್ರ.