ಲೈನುಮನೆಗೆ ಕೇಳಿದ ರ್‍ಯಾಪ್

ದೇವರಮನೆ ಗುಡ್ಡಕ್ಕೆ ಮಂಜು ನೋಡಲು ಬರುವ ಕಾರುಗಳು ರ್‍ಯಾಪ್ ಅರಚಿಕೊಂಡೇ ಬರುತ್ತವೆ. ಇದು ಉಳ್ಳವರ ಮೋಜು ಅಂತ ಲೈನುಮನೆಯ ನಾವು ಬಿಟ್ಟುಕೊಡಬಾರದು.

ಹಿಪ್‌ಹಾಪ್ ಹುಟ್ಟಿದ್ದು 1973ರ ಆಗಸ್ಟಿನಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸಿನ ಕರಿಯರ ಕೇರಿಯಲ್ಲಿ. ಅದೇ ನವೆಂಬರಿನಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಇಲ್ಲಿ ನಮ್ಮ ಹುಡುಗರು ಏಟು ತಿಂದರು.

ನಮಗೆ ಹತ್ತಿರದವನು ತಮಿಳಿನ ಅರಿವು. 2021ರ 'ಎಂಜಾಯ್ ಎಂಜಾಮಿ'ಗೆ ಮೂಲ, ಶ್ರೀಲಂಕಾದ ಟೀ ತೋಟದಲ್ಲಿ ದುಡಿದ ಅವನ ಅಜ್ಜಿ. ಕಾಫಿ ಕುಯ್ಯುವ ನಮ್ಮವ್ವಂದಿರಿಗೆ ಅದನ್ನು ಬಿಡಿಸಿ ಹೇಳಬೇಕಾ? ಆದರೂ ನಮಗೆ 2019ರ 'ತೆರುಕ್ಕುರಲ್' ಆಲ್ಬಮ್ಮೇ ಮೇಲು. ಅಲ್ಲಿ ಸಿಹಿ ಕಮ್ಮಿ, ಸಿಟ್ಟು ಜಾಸ್ತಿ.

2021ರ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾದ ಮುಖಪುಟದಲ್ಲಿ ಜೊತೆಗೆ ಹಾಡಿದ ಧೀ ಇದ್ದರು, ಬರೆದು ಹಾಡಿದ ಅರಿವು ಇರಲಿಲ್ಲ. ಜನ ಬಾಯಿ ಮಾಡಿದ ಮೇಲೆ, ಹೋಟ್ಲಿನ ಬೇರೆ ಲೋಟದ ಹಾಗೆ, ಅವನಿಗೂ ಒಂದು ಬೇರೆ ಮುಖಪುಟ ಮಾಡಿಕೊಟ್ಟರು.